ನೀರು ಕೊಡಬಾರದ ಲೋಟ

ಏಳನೇ ತರಗತಿಯಲ್ಲಿ ಈ ತಿಂಗಳು ಏನು ಪಾಠ ನಡೆಯುತ್ತಿದೆ ಎಂದು ತಿಳಿದುಕೊಳ್ಳಲು ಸಿಸ್ಟರಜ್ಜಿ ಶಾಲೆಯ ಕಡೆ ತಲೆ ಹಾಕಬೇಕಾಗಿರಲಿಲ್ಲ. ಪಾಠವೇ ಮನೆಗೆ ಬರುತ್ತಿತ್ತು. ಸಂಜೆ ಬಾಗಿಲು ದಡಾರನೆ ತೆರೆದುಕೊಂಡು, ಷೂ ಒಂದು ದಿಕ್ಕಿಗೆ, ಕಾಲುಚೀಲ ಇನ್ನೊಂದು ದಿಕ್ಕಿಗೆ ಹಾರಿ, ಪುಸ್ತಕದ ಚೀಲ ಕುರ್ಚಿಯ ಮೇಲೆ ಧೊಪ್ಪನೆ ಬಿತ್ತೆಂದರೆ ಪಾಠ ಬಂತು ಎಂದೇ ಅರ್ಥ.

ಗಣಿತದಲ್ಲಿ ಶೇಕಡಾ ಲೆಕ್ಕ ಶುರುವಾದ ದಿನ ಮೊಮ್ಮಗಳು ಊಟಕ್ಕೆ ಕೂತವಳೇ, ಅಜ್ಜಿ ಹೇಳುವ ಕಥೆಗಳಲ್ಲಿ ಶೇಕಡಾ ಎಂಬತ್ತು ತಾನು ಮೊದಲೇ ಕೇಳಿದವು ಎಂದು ತೀರ್ಪು ಕೊಟ್ಟಳು. ಸಮಾಜದ ಪಾಠದಲ್ಲಿ ನಕ್ಷೆ ಬಂದಾಗ ಇಡೀ ಮನೆಯನ್ನು ಟೇಪು ಹಿಡಿದು ಅಳೆದು ಹಾಳೆಯ ಮೇಲಿಳಿಸಿ, ಅಪ್ಪ ಬೂಟು ಬಿಚ್ಚುವ ಮೂಲೆಗೆ ಕೆಂಪು ಬಣ್ಣ ಬಳಿದು ‘ಅಪಾಯದ ವಲಯ’ ಎಂದು ಬರೆದಳು. ಭಾಷೆಯ ಮೇಡಂ ದೂರಿನ ಪತ್ರ ಬರೆಯುವುದನ್ನು ಹೇಳಿಕೊಟ್ಟದ್ದೇ ತಡ, ‘ಮಾನ್ಯರೇ’ ಎಂದು ಆರಂಭಿಸಿ, ಅಡುಗೆಮನೆಯ ನಲ್ಲಿ ಹಗಲಿರುಳೆನ್ನದೆ ತೊಟ್ಟಿಕ್ಕುತ್ತಿರುವ ಸಂಗತಿಯನ್ನು ಸವಿನಯವಾಗಿ ಅಪ್ಪನ ಗಮನಕ್ಕೆ ತಂದಳು. ಅಪ್ಪ ಪ್ಲಂಬರು. ಊರಿನ ಅರ್ಧ ಮನೆಗಳ ನಲ್ಲಿಗಳು ಅವನ ಕೈಯಲ್ಲೇ ನಿಂತದ್ದು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇಂಥವರನ್ನು ನೋಡಿಯೇ. ಅವನು ಪತ್ರದ ಅಂಚಿನಲ್ಲಿ ‘ಪರಿಶೀಲಿಸಲಾಗುವುದು’ ಎಂದು ಗೀಚಿ, ಸಹಿ ಹಾಕಿ, ಮಗಳಿಗೆ ಹಿಂದಿರುಗಿಸಿದ. ನಲ್ಲಿ ತನ್ನ ಪಾಡಿಗೆ ತೊಟ್ಟಿಕ್ಕುತ್ತಲೇ ಇತ್ತು.

ಮಗಳಿಗೆ ಅವನು ಇಟ್ಟ ಹೆಸರು ಪ್ರಶ್ನೆಪತ್ರಿಕೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಮ್ಮ ಸಂಜೆ ಸುಸ್ತಾಗಿ ಬಂದಾಗ, "ಇವತ್ತಿನ ಪ್ರಶ್ನೆಗಳಿಗೆಲ್ಲ ನಿಮ್ಮಜ್ಜಿ ಉತ್ತರ ಕೊಡ್ತಾರೆ" ಎಂದು ಕೈತೊಳೆದುಕೊಳ್ಳುತ್ತಿದ್ದಳು. ಅಜ್ಜಿ ಕೊಡುತ್ತಲೂ ಇದ್ದಳು. ದೊಡ್ಡಾಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ನರ್ಸಾಗಿ ಆಯುಸ್ಸು ಸವೆಸಿ ಬಂದವಳು ಅವಳು. ಬೀದಿಯವರಿಗೆಲ್ಲ ಈಗಲೂ ಸಿಸ್ಟರಜ್ಜಿಯೇ. ಯಾರಿಗೆ ತಲೆ ಸುತ್ತಿದರೂ ಮೊದಲು ಅವಳ ಬಾಗಿಲು ತಟ್ಟಿ, ಆಮೇಲೆ ಡಾಕ್ಟರ ಹತ್ತಿರ ಹೋಗುವುದು ಆ ಬೀದಿಯ ಪದ್ಧತಿ.

ವಿಜ್ಞಾನದ ಪಾಠ ಬಂದದ್ದು ಎರಡು ಗಾಜಿನ ಲೋಟಗಳ ರೂಪದಲ್ಲಿ. ಬೀಜ ಮೊಳೆಯುವುದಕ್ಕೆ ಏನೇನು ಬೇಕು ಎನ್ನುವುದು ಪಾಠ. ಒಂದೊಂದು ಲೋಟದಲ್ಲೂ ಹತ್ತಿ ತುಂಬಿ, ಗಾಜಿಗೆ ಒತ್ತಿಕೊಂಡು ಕಾಣುವ ಹಾಗೆ ಬೀನ್ಸ್ ಬೀಜ ಇಡಬೇಕು. ಒಂದಕ್ಕೆ ದಿನ ಬಿಟ್ಟು ದಿನ ಅರ್ಧ ಚಮಚ ನೀರು. ಇನ್ನೊಂದಕ್ಕೆ ಏನೂ ಇಲ್ಲ. ಬಿಸಿಲು ಒಂದೇ, ಗಾಳಿ ಒಂದೇ, ನೀರೊಂದೇ ಬೇರೆ. ತಿಂಗಳ ಕೊನೆಗೆ ಕಂಡದ್ದನ್ನು ಕಂಡ ಹಾಗೆ ಬರೆದು ತರಬೇಕು. ಅದನ್ನು ಮೇಷ್ಟ್ರು ಒತ್ತಿ ಒತ್ತಿ ಹೇಳಿದ್ದರಂತೆ. ಪುಸ್ತಕದಲ್ಲಿ ಏನೇ ಇರಲಿ, ಪಕ್ಕದ ಬೆಂಚಿನವರು ಏನೇ ಬರೆಯಲಿ, ನಿಮ್ಮ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ ಎಂದು.

ಮೊಮ್ಮಗಳು ಲೋಟಗಳಿಗೆ ಚೀಟಿ ಅಂಟಿಸಿ, ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಒಂದರ ಮೇಲೆ ‘ನೀರು’, ಇನ್ನೊಂದರ ಮೇಲೆ ‘ನೀರು ಇಲ್ಲ’. ಮುಟ್ಟಿದರೆ ಪ್ರಯೋಗ ಕೆಡುತ್ತದೆ, ನೋಡುವುದಷ್ಟೇ ನಮ್ಮ ಕೆಲಸ ಎಂದು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದಳು. ಆಮೇಲೆ ಅಜ್ಜಿಯನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದಳು.

"ಅಜ್ಜಿ, ಹಗಲೆಲ್ಲ ಮನೇಲಿ ಇರೋಳು ನೀನೊಬ್ಳೇ. ಇದಕ್ಕೆ ಯಾರೂ ನೀರು ಹಾಕದ ಹಾಗೆ ನೀನೇ ಕಾಯ್ಬೇಕು."

"ನಾನಿರೋವಾಗ ಯಾರು ಹಾಕ್ತಾರೆ ಬಿಡು" ಎಂದಳು ಅಜ್ಜಿ.

ಆ ಮಾತು ಹೇಳುವಾಗ ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ ಎಂದು ಇಲ್ಲಿ ಹೇಳಿಬಿಡುವುದು ನ್ಯಾಯ. ಮುಂದೆ ನಡೆದದ್ದನ್ನು ಕೇಳಿದ ಮೇಲೆ ಅವಳ ಪರವಾಗಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಮೊದಲ ದಿನಗಳು ಸುಸೂತ್ರವಾಗಿ ಕಳೆದವು. ‘ನೀರು’ ಲೋಟದ ಬೀಜಗಳು ನೆನೆದು, ಉಬ್ಬಿ, ಸಿಪ್ಪೆ ಬಿರಿದವು. ‘ನೀರು ಇಲ್ಲ’ ಲೋಟದ ಬೀಜಗಳು ಹಾಗೆಯೇ ಇದ್ದವು. ಮಗ, ಸೊಸೆ, ಮೊಮ್ಮಗಳು ಮೂವರೂ ಹೊರಟು ಹೋದ ಮೇಲೆ ಮನೆ ನಿಶ್ಶಬ್ದವಾಗುತ್ತಿತ್ತು. ಅಜ್ಜಿ ಕಿಟಕಿಯ ಬಳಿ ಕಾಫಿ ಹಿಡಿದು ಕೂರುತ್ತಿದ್ದಳು. ಪಕ್ಕದಲ್ಲೇ ನಲ್ಲಿ ಟಪ್, ಟಪ್ ಎಂದು ನೀರನ್ನು ಸುಮ್ಮನೆ ಚೆಲ್ಲುತ್ತಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ಆ ಬೀಜಗಳು ಒಣ ಹತ್ತಿಯೊಳಗೆ ಗಾಜಿಗೆ ಮುಖ ಒತ್ತಿಕೊಂಡು ಕೂತಿದ್ದವು.

ಆ ಚೀಟಿಯೇ ಅವಳನ್ನು ಕೆಡಿಸಿದ್ದು. ಅಂಥದೇ ಚೀಟಿಯನ್ನು ಅವಳು ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಮಂಚಗಳಿಗೆ ತೂಗುಹಾಕಿದ್ದಳು. ‘ಬಾಯಿಗೆ ಏನೂ ಕೊಡಬಾರದು.’ ನಾಳೆ ಆಪರೇಷನ್ ಎಂದರೆ ಇವತ್ತಿನಿಂದಲೇ ಶುರು. ಆಪರೇಷನ್ ಆದ ಮೇಲೂ ಹೊಟ್ಟೆ ಹೊಲಿದವರಿಗೆ ಎಷ್ಟೋ ಹೊತ್ತು ಒಂದು ಗುಟುಕು ನೀರಿಲ್ಲ. ಅವರು ಬೇಡುತ್ತಿದ್ದರು. ದೊಡ್ಡ ಮೀಸೆಯ ಗಂಡಸರು, ಬೆಳಗ್ಗೆ ತಾನೇ ಅವಳ ಮೇಲೆ ರೇಗಿದವರು, ಮಕ್ಕಳ ಹಾಗೆ ಅವಳ ಸೆರಗು ಹಿಡಿದು ಒಂದೇ ಒಂದು ಗುಟುಕು ಸಿಸ್ಟರ್ ಎನ್ನುತ್ತಿದ್ದರು. ಅವಳು ಹತ್ತಿಯ ಉಂಡೆ ಒದ್ದೆ ಮಾಡಿ ತುಟಿಗೆ ಸವರುತ್ತಿದ್ದಳು, ಅಷ್ಟೇ. ಅಳುವ ಮಗುವಿಗೂ ಅಷ್ಟೇ, ಗೊಣಗುವ ಮುದುಕನಿಗೂ ಅಷ್ಟೇ. ಕಲ್ಲೆದೆಯ ಸಿಸ್ಟರ್ ಎಂದು ಅವಳಿಗೆ ಹೆಸರಿತ್ತು. ಅವಳು ಒಂದು ಸಲವೂ ನಿಯಮ ಮುರಿದವಳಲ್ಲ. ಮುರಿದಿದ್ದರೆ ಏನಾಗುತ್ತಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೇಳಿದ ನೀರು ಕೊಡದೆ ಮುಂದಿನ ಮಂಚಕ್ಕೆ ನಡೆದ ಸಂಕಟ ಎಲ್ಲಿಗೆ ಹೋಗುತ್ತದೆ? ಹೊಟ್ಟೆಯಲ್ಲೇ ಕೂತಿರುತ್ತದೆ. ಒಂದು ದಿನ ಬೀನ್ಸ್ ಬೀಜ ನೋಡಿದಾಗ ಎದ್ದು ಬರುತ್ತದೆ.

ಒಂದು ತೊಟ್ಟಿಗೆ ಏನಾಗುತ್ತದೆ ಎಂದುಕೊಂಡಳು ಅಜ್ಜಿ. ಔಷಧಿ ಡಬ್ಬಿಯಿಂದ ಕಣ್ಣಿಗೆ ಹನಿ ಹಾಕುವ ಡ್ರಾಪರು ತೆಗೆದು ತೊಳೆದಳು. ಹತ್ತಿಯ ಮೇಲ್ಗಡೆ ತೇವ ಕಾಣದ ಹಾಗೆ, ಗಾಜಿನ ಅಂಚಿನಿಂದ, ಬೀಜದ ಬುಡಕ್ಕೇ ನಾಲ್ಕು ಹನಿ ಇಳಿಸಿದಳು. ಎಷ್ಟಾದರೂ ಪಳಗಿದ ಕೈ. ಕಳ್ಳತನಕ್ಕೂ ವೃತ್ತಿಯ ಅನುಭವ ಒದಗಿ ಬರುತ್ತದೆ.

ಮಾರನೆಯ ದಿನ ಮತ್ತೆ ನಾಲ್ಕು ಹನಿ. ಅದರ ಮಾರನೆಯ ದಿನವೂ ಅಷ್ಟೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಹಾಗೆ ಅಜ್ಜಿಯೂ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಹೊಲದ ಒಡತಿ ಶಾಲೆಯ ಆಟದ ಮೈದಾನದಲ್ಲಿ ಹಿಮ್ಮುಖ ಪಲ್ಟಿ ಕಲಿಯುತ್ತಿದ್ದಳು.

ಒಂದು ಸಂಜೆ ಕಿಟಕಿಯ ಹತ್ತಿರದಿಂದ ಎಂಥದೋ ಕೂಗು ಕೇಳಿತು. ‘ನೀರು ಇಲ್ಲ’ ಲೋಟದ ಬೀಜವೊಂದು ಬಿಳಿಯ ಬೇರು ಬಿಟ್ಟಿತ್ತು. ಮೊಮ್ಮಗಳು ಮೂಗನ್ನು ಗಾಜಿಗೆ ಹತ್ತಿಸಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅಜ್ಜಿಗೆ ಹಾವು ತುಳಿದಂತಾಯಿತು. ಇಷ್ಟಾದ ಮೇಲಾದರೂ ಡ್ರಾಪರನ್ನು ಡಬ್ಬಿಗೆ ಸೇರಿಸಬೇಕಿತ್ತು. ಸೇರಿಸಲಿಲ್ಲ. ಮೊಳೆತ ಮೇಲೆ ಸಾಯಲು ಬಿಡುವುದು ಇನ್ನೂ ದೊಡ್ಡ ಪಾಪ ಎಂದು ತನಗೆ ತಾನೇ ಒಂದು ನ್ಯಾಯ ಹೇಳಿಕೊಂಡಳು. ತಿಂಗಳು ಮುಗಿಯುವ ಹೊತ್ತಿಗೆ ‘ನೀರು ಇಲ್ಲ’ ಲೋಟದ ಗಿಡಗಳು ಎರಡೆರಡು ಎಲೆ ಬಿಡಿಸಿಕೊಂಡು, ಪಕ್ಕದ ‘ನೀರು’ ಲೋಟದವರನ್ನು ಮೇಲಿನಿಂದ ನೋಡುತ್ತಿದ್ದವು. ತನ್ನ ನಾಲ್ಕು ಹನಿಗೆ ಇಷ್ಟು ಬಲವೇ ಎಂದು ಅಜ್ಜಿಗೇ ಸೋಜಿಗ. ತನ್ನ ಕೈಗುಣ ಇನ್ನೂ ಹೋಗಿಲ್ಲ ಎಂದು ಒಳಗೊಳಗೇ ಸ್ವಲ್ಪ ಬೀಗಿದಳು ಕೂಡ.

ಬೀಗಿದ್ದು ಹೆಚ್ಚು ದಿನ ಉಳಿಯಲಿಲ್ಲ.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ತಿಂಗಳ ಕೊನೆಯ ಶನಿವಾರ ಮಕ್ಕಳೇ ಮೇಷ್ಟ್ರು, ಮನೆಯವರೇ ಮಕ್ಕಳು. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ಬೆಂಚಿನ ಮೇಲೆ ಕೂರಬೇಕು, ಮಕ್ಕಳು ಒಬ್ಬೊಬ್ಬರಾಗಿ ಕರಿಹಲಗೆಯ ಮುಂದೆ ನಿಂತು ಆ ತಿಂಗಳು ಕಲಿತದ್ದನ್ನು ಕಲಿಸಬೇಕು. ಕೈ ಎತ್ತದೆ ಯಾರೂ ಮಾತಾಡುವ ಹಾಗಿಲ್ಲ. ಶನಿವಾರದ ಹಿಂದಿನ ದಿನ ಮೊಮ್ಮಗಳು ಮನೆಗೆ ಬಂದಾಗ ಬಾಗಿಲು ದಡಾರೆನ್ನಲಿಲ್ಲ. ಷೂಗಳನ್ನು ಜೋಡಿಸಿಟ್ಟಳು. ಅದನ್ನು ನೋಡಿಯೇ ಏನೋ ಕೆಟ್ಟಿದೆ ಎಂದು ಅಜ್ಜಿಗೆ ಗೊತ್ತಾಯಿತು.

ಊಟದ ಹೊತ್ತಿಗೆ ವಿಷಯ ಹೊರಬಿತ್ತು. ತರಗತಿಯಲ್ಲಿ ಎಲ್ಲರ ಒಣ ಬೀಜಗಳೂ ಒಣಗಿಯೇ ಇದ್ದವು, ಇವಳದೊಂದೇ ಮೊಳೆತದ್ದು. ಲೋಟಗಳ ಚೀಟಿ ಅದಲುಬದಲಾಗಿರಬೇಕು ಎಂದರಂತೆ ಮೇಷ್ಟ್ರು. ಇಲ್ಲ ಎಂದಳಂತೆ ಇವಳು. ಹಾಗಾದರೆ ಇನ್ನೊಮ್ಮೆ ಮಾಡಿ ನೋಡೋಣ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡವರೇ ಹೇಳಿದ್ದಾರೆ, ನಾಳೆಯ ಮಟ್ಟಿಗೆ ಎಲ್ಲರ ಹಾಗೆ ‘ನೀರು ಬೇಕು’ ಎಂದು ಹೇಳಿಬಿಡು ಎಂದರಂತೆ. ಕಂಡದ್ದನ್ನೇ ಹೇಳಬೇಕು ಅಂತ ನೀವೇ ಹೇಳಿದ್ದಿರಲ್ಲ ಸಾರ್ ಎಂದು ಇವಳು ಕೇಳಿದಳಂತೆ. ಪಾಪದ ಮನುಷ್ಯ, ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ಮುಖ ಮಾಡಿ, ಸರಿ, ನಿನಗೆ ಕಂಡದ್ದನ್ನೇ ಹೇಳು ಎಂದರಂತೆ. ಆದರೆ ಅಷ್ಟರಲ್ಲಿ ತರಗತಿ ಇವಳಿಗೆ ಪವಾಡಮ್ಮ ಎಂದು ಹೆಸರಿಟ್ಟಾಗಿತ್ತು. ಮಳೆ ಬೇಡ, ಬಾವಿ ಬೇಡ, ಪವಾಡಮ್ಮನ್ನ ಕರೆಸಿದ್ರೆ ಸಾಕು ಎಂದು ಹಿಂದಿನ ಬೆಂಚಿನವರು ಹಾಡು ಕಟ್ಟಿದ್ದರು. ಸುಳ್ಳು ಹೇಳ್ತಾಳೆ, ಕದ್ದು ನೀರು ಹಾಕಿದಾಳೆ ಎಂದು ಪಕ್ಕದಲ್ಲಿ ಕೂರುವ ಗೆಳತಿಯೇ ಅಂದಿದ್ದಳು. ಅದೊಂದು ಮಾತು ಹೇಳುವಾಗ ಮಾತ್ರ ಮೊಮ್ಮಗಳ ದನಿ ಒಡೆಯಿತು.

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಸೊಸೆ ಇದ್ದಕ್ಕಿದ್ದಂತೆ ಎದ್ದು, ಯಾರೂ ಕೇಳದ ಉಪ್ಪು ತರಲು ಒಳಗೆ ಹೋದಳು. ಅಜ್ಜಿ ಬಾಯಿ ತೆರೆದಳು.

"ಪುಟ್ಟೀ, ಆ ಲೋಟ..."

"ನೀನೇ ಹೇಳಜ್ಜಿ" ಎಂದಳು ಮೊಮ್ಮಗಳು. "ಹಗಲೆಲ್ಲ ಕಾದಿದ್ದು ನೀನು. ನೀನು ಸುಳ್ಳು ಹೇಳಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ನಾಳೆ ಎಲ್ರೂ ನಕ್ಕರೂ ಪರವಾಗಿಲ್ಲ, ನಮ್ಮಜ್ಜಿ ಸಾಕ್ಷಿ ಅಂತ ಹೇಳ್ತೀನಿ."

ಅಜ್ಜಿ ಮುಂದೆ ಇದ್ದ ನೀರಿನ ಲೋಟ ಎತ್ತಿ ಗಟಗಟ ಕುಡಿದಳು. ಹೇಳಬೇಕಾದ ಮಾತು ಆ ನೀರಿನ ಜೊತೆಗೇ ಕೆಳಗಿಳಿದು ಹೋಯಿತು. ಬೆಳಗ್ಗೆ ಹೇಳಿದರಾಯಿತು ಎಂದುಕೊಂಡಳು. ಬೆಳಗ್ಗೆ ಜಡೆ ಹೆಣೆಯುವ ಗಡಿಬಿಡಿ, ಲೋಟಗಳು ಉರುಳದ ಹಾಗೆ ಬುಟ್ಟಿಯಲ್ಲಿ ಬಟ್ಟೆ ಒತ್ತುವ ಗಡಿಬಿಡಿ. ದಾರಿಯಲ್ಲಿ ಹೇಳೋಣವೆಂದರೆ ಮೊಮ್ಮಗಳು ಬುಟ್ಟಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಹೇಡಿಗೆ ನೆಪಗಳು ತಾವಾಗಿಯೇ ಬಂದು ಕಾಲಿಗೆ ತೊಡರಿಕೊಳ್ಳುತ್ತವೆ.

ತರಗತಿಯ ತುಂಬ ದೊಡ್ಡವರು ಚಿಕ್ಕ ಬೆಂಚುಗಳಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮಗನ ಮೊಣಕಾಲು ಡೆಸ್ಕಿನ ಕೆಳಗೆ ಹೋಗಿದ್ದೇನೋ ಹೋಯಿತು, ಹೊರಗೆ ಬರುವ ಲಕ್ಷಣ ಕಾಣಲಿಲ್ಲ. ಒಬ್ಬ ಹುಡುಗ ಶೇಕಡಾ ಲೆಕ್ಕ ಕಲಿಸಿ, ತನ್ನ ತಂದೆಗೇ ಪ್ರಶ್ನೆ ಕೇಳಿ, ಉತ್ತರ ಬರದಿದ್ದಕ್ಕೆ ನಿಲ್ಲಿಸಿದ. ಒಬ್ಬಳು ಶಾಲೆಯ ನಕ್ಷೆ ಬಿಡಿಸಿ, ತಿಂಡಿ ಅಂಗಡಿಗೆ ಹತ್ತಿರದ ದಾರಿ ತೋರಿಸಿದಳು. ಎಲ್ಲರೂ ನಗುತ್ತಿದ್ದರು. ವಿಜ್ಞಾನದ ಮೇಷ್ಟ್ರು, ತೋಳಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡ ತೆಳ್ಳನೆಯ ತರುಣ, ಕಿಟಕಿಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದರು.

ಮೊಮ್ಮಗಳ ಸರದಿ ಬಂತು. ಎರಡು ಲೋಟಗಳನ್ನೂ ಮೇಜಿನ ಮೇಲಿಟ್ಟು, ಚೀಟಿಗಳನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಹುಡುಗರಲ್ಲಿ ಯಾರೋ ಮೆಲ್ಲಗೆ ಪವಾಡಮ್ಮ ಎಂದರು. ಅವಳ ಕಿವಿ ಕೆಂಪಾಯಿತು. ಆದರೂ ಒಂದೊಂದೇ ಹೇಳುತ್ತ ಹೋದಳು. ಎರಡಕ್ಕೂ ಒಂದೇ ಬಿಸಿಲು. ಒಂದೇ ಹತ್ತಿ. ಒಂದಕ್ಕೆ ನೀರು ಹಾಕಿದೆ, ಒಂದಕ್ಕೆ ಹಾಕಲಿಲ್ಲ. ಹಾಕದೇ ಇದ್ದದ್ದೇ ಹೆಚ್ಚು ಬೆಳೆಯಿತು.

ಅಜ್ಜಿ ಕೈ ಎತ್ತಿದಳು.

"ಪ್ರಶ್ನೆಗಳು ಕೊನೆಗೆ" ಎಂದಳು ಮೊಮ್ಮಗಳು ಮೇಷ್ಟ್ರ ದನಿಯಲ್ಲಿ. "ಕೈ ಇಳಿಸಿ."

ಅಜ್ಜಿ ಕೈ ಇಳಿಸಿದಳು. ಮೊಮ್ಮಗಳು ಕರಿಹಲಗೆಯ ಕಡೆ ತಿರುಗಿ ದುಂಡಗಿನ ಅಕ್ಷರದಲ್ಲಿ ಬರೆದಳು: ಬೀಜ ಮೊಳೆಯಲು ನೀರು ಬೇಕಾಗಿಲ್ಲ. ತರಗತಿಯಲ್ಲಿ ಗುಸುಗುಸು ಎದ್ದಿತು. ಮುಂದಿನ ಬೆಂಚಿನಲ್ಲಿದ್ದ ಯಾರದೋ ತಾತ, ತೋಟದ ಕೆಲಸ ಮಾಡುವವರಿರಬೇಕು, ಕೈ ಎತ್ತುವ ನಿಯಮ ಮರೆತು, ಯಾರಾದ್ರೂ ಹಾಕಿರ್ತಾರೆ ಮಗೂ ಎಂದರು.

"ಯಾರೂ ಹಾಕಿಲ್ಲ" ಎಂದಳು ಅವಳು. "ನಮ್ಮಜ್ಜಿ ಕಾದಿದಾರೆ. ಅವರು ನರ್ಸು. ಬೇಕಾದ್ರೆ ಅವರನ್ನೇ ಕೇಳಿ."

ಬೆಂಚುಗಳೆಲ್ಲ ಕಿರ್ರೆಂದವು. ಎಲ್ಲರೂ ತಿರುಗಿ ಅಜ್ಜಿಯನ್ನು ನೋಡಿದರು. ಅಜ್ಜಿಗೆ ಆ ಹೊತ್ತಿನಲ್ಲಿ ಅರ್ಥವಾಯಿತು. ಒಂದು ಮಾತು ಹೌದು ಎಂದುಬಿಟ್ಟರೆ ಮೊಮ್ಮಗಳ ಮುಖ ಉಳಿಯುತ್ತದೆ, ತನ್ನದೂ ಉಳಿಯುತ್ತದೆ. ಹುಡುಗರು ಇನ್ನೆರಡು ದಿನ ನಕ್ಕು ಮರೆಯುತ್ತಾರೆ. ಆದರೆ ಮೊಮ್ಮಗಳು ಆ ಸುಳ್ಳನ್ನು ಅಜ್ಜಿಯ ಮಾತು ಎಂದು ಜೋಪಾನವಾಗಿ ಇಟ್ಟುಕೊಳ್ಳುತ್ತಾಳೆ. ಅಜ್ಜಿ ಮತ್ತೆ ಕೈ ಎತ್ತಿದಳು, ಎತ್ತಿದ ಕೈಯನ್ನು ಇಳಿಸದೆ ಎದ್ದು ನಿಂತಳು.

"ನಾನು ಹಾಕ್ದೆ, ಪುಟ್ಟೀ. ಕಾಯ್ಬೇಕು ಅಂತ ನೀನು ಹೇಳಿದ್ದು ನನಗೇ. ದಿನಾ ಹಾಕ್ತಿದ್ದೋಳೂ ನಾನೇ. ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಸುಳ್ಳು ನಂದು."

ಮೊಮ್ಮಗಳ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಅವಳು ಅಜ್ಜಿಯನ್ನು ನೋಡಿದ ನೋಟ ಮುಂದೆ ಎಷ್ಟೋ ದಿನ ಅಜ್ಜಿಗೆ ನಿದ್ದೆ ಬರುವ ಮುಂಚೆ ನೆನಪಾಗುತ್ತಿತ್ತು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿ.

ಆಗ ಪಕ್ಕದಲ್ಲಿ ಡೆಸ್ಕೊಂದು ಅಲುಗಾಡಿತು. ಮಗ ಎದ್ದು ನಿಲ್ಲಲು ಹೋಗಿ, ಮೊಣಕಾಲು ಬಿಡಿಸಿಕೊಳ್ಳಲಾಗದೆ, ಡೆಸ್ಕನ್ನೂ ಅರ್ಧ ಎತ್ತಿಕೊಂಡು, ಕೈ ಮೇಲೆ ಮಾಡಿದ.

"ನಾನೂ" ಎಂದ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ನಲ್ಲಿಯ ಕೆಳಗೆ ಬೆರಳೊಡ್ಡಿ, ತೊಟ್ಟಿಕ್ಕಿದ ನೀರನ್ನು ಹತ್ತಿಯ ಬದಿಗೆ ಕೊಡವುತ್ತಿದ್ದನಂತೆ. ಹೇಗೂ ದಂಡವಾಗುವ ನೀರು, ಪಾಪ ಅನ್ನಿಸಿತು ಎಂದ.

ಅಜ್ಜಿ ಮಗನ ಕಡೆ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಅವನ ಆಚೆ ಬದಿಯಲ್ಲಿ ಸೊಸೆ, ತಲೆ ತಗ್ಗಿಸಿಕೊಂಡೇ, ಒಂದು ಬೆರಳು ಎತ್ತಿದಳು. ಅವಳದು ರಾತ್ರಿ ಪಾತ್ರೆ ತೊಳೆದಾದ ಮೇಲೆ ಅರ್ಧ ಮುಚ್ಚಳವಂತೆ. ಔಷಧಿ ಅಂಗಡಿಯವಳಲ್ಲವೇ, ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದೇ ಹಾಕುತ್ತಿದ್ದಳು.

ತರಗತಿಗೆ ತರಗತಿಯೇ ಹೋ ಎಂದು ನಕ್ಕಿತು. ಆ ತಾತ ಡೆಸ್ಕು ಬಡಿದು ನಕ್ಕರು. ಪವಾಡಮ್ಮ ಎಂದಿದ್ದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಲೆಕ್ಕದ ನೀರು ಕುಡಿದದ್ದು ಸೊರಗಿ, ಕನಿಕರದ ನೀರು ಕುಡಿದದ್ದು ಸೊಕ್ಕಿ ಬೆಳೆದದ್ದು ಏಕೆಂದು ಈಗ ಎಲ್ಲರಿಗೂ ತಿಳಿಯಿತು. ಕೈಗುಣವೆಂದು ಬೀಗಿದ್ದ ಅಜ್ಜಿಗೂ ತಿಳಿಯಿತು. ನಗದೇ ಇದ್ದವಳು ಮೊಮ್ಮಗಳೊಬ್ಬಳೇ. ನಗು ಇಳಿಯುವವರೆಗೆ ಕಾದು, ಅವಳು ಮೂವರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ, ಎಷ್ಟು ಹಾಕಿದಿರಿ, ಯಾವ ಹೊತ್ತಿನಲ್ಲಿ ಹಾಕಿದಿರಿ ಎಂದು ಕೇಳಿದಳು. ಹಲಗೆಯ ಮೇಲೆ ಬರೆದಿದ್ದನ್ನು ಅಂಗೈಯಿಂದ ಒರೆಸಿದಳು. ‘ಬೀಜ ಮೊಳೆಯಲು ನೀರು ಬೇಕು’ ಎಂದು ಬರೆದು, ಸ್ವಲ್ಪ ಯೋಚಿಸಿ, ಅದರ ಕೆಳಗೆ ‘ಪ್ರಯೋಗವನ್ನು ಮನೆಯವರಿಂದ ದೂರ ಇಡಬೇಕು’ ಎಂದು ಸೇರಿಸಿದಳು. ಮೇಷ್ಟ್ರು ಉಗುರು ಕಚ್ಚುವುದನ್ನು ಬಿಟ್ಟು ಚಪ್ಪಾಳೆ ಹೊಡೆದರು. ಪಕ್ಕದಲ್ಲಿ ಕೂರುವ ಗೆಳತಿ ಎದ್ದು ಬಂದು ಲೋಟಗಳನ್ನು ಬುಟ್ಟಿಗಿಡಲು ಕೈ ಹಾಕಿದಳು.

ಮನೆಗೆ ಹೋಗುವಾಗ ಮೊಮ್ಮಗಳು ಮುಂದೆ, ಮೂವರು ತಪ್ಪಿತಸ್ಥರು ಹಿಂದೆ. ಮನೆ ಸೇರಿದ ಮೇಲೆ ಶಿಕ್ಷೆ ಜಾರಿಯಾಯಿತು. ಅಪ್ಪ ಆ ಕ್ಷಣವೇ ನಲ್ಲಿ ರಿಪೇರಿ ಮಾಡಬೇಕು. ಅಮ್ಮ ಹೊಸ ಹತ್ತಿ ತರಬೇಕು. ಅಪ್ಪ ಬಾಯಿ ಮುಚ್ಚಿಕೊಂಡು ಸ್ಪ್ಯಾನರು ತೆಗೆದ. ಎಷ್ಟೋ ಕಾಲದಿಂದ ಪರಿಶೀಲನೆಯಲ್ಲಿದ್ದ ನಲ್ಲಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಿಂತಿತು.

ಅಜ್ಜಿಗೆ ಯಾವ ಶಿಕ್ಷೆಯೂ ಬರಲಿಲ್ಲ. ಅದೇ ಅವಳಿಗೆ ದೊಡ್ಡ ಶಿಕ್ಷೆಯಾಯಿತು. ಸಂಜೆಯವರೆಗೂ ಸಹಿಸಿಕೊಂಡು, ಕೊನೆಗೆ ತಾನೇ ಹೋಗಿ ಮೊಮ್ಮಗಳ ಪಕ್ಕ ಮಂಚದ ಮೇಲೆ ಕೂತಳು. ಮೊಮ್ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಯಾಕೆ ಹಾಕ್ದೆ?" ಎಂದಳು ಅವಳು ಗೋಡೆಗೆ.

ಅಜ್ಜಿ ಹೇಳಿದಳು. ಮಂಚಕ್ಕೆ ತೂಗುಹಾಕುತ್ತಿದ್ದ ಚೀಟಿಯ ವಿಷಯ ಹೇಳಿದಳು, ಸೆರಗು ಹಿಡಿಯುತ್ತಿದ್ದವರ ವಿಷಯ ಹೇಳಿದಳು. ತುಟಿಗೆ ಒದ್ದೆ ಹತ್ತಿ ಸವರಿದರೆ ಮಕ್ಕಳು ಹತ್ತಿಯನ್ನೇ ಚೀಪಲು ನೋಡುತ್ತಿದ್ದವು, ಆಗ ಕೈ ಹಿಂದೆ ತೆಗೆದುಕೊಳ್ಳಬೇಕಾಗುತ್ತಿತ್ತು ಎಂದು ಹೇಳಿದಳು. ಡಾಕ್ಟರು ರೌಂಡಿಗೆ ಬಂದು, ಚೀಟಿ ನೋಡಿ, ‘ಇನ್ನು ನೀರು ಕೊಡಬಹುದು ಸಿಸ್ಟರ್’ ಎನ್ನುವ ಒಂದು ಮಾತಿಗಾಗಿ ರೋಗಿಗಿಂತ ಹೆಚ್ಚಾಗಿ ತಾನು ಕಾಯುತ್ತಿದ್ದೆ ಎಂದಳು. ಅಷ್ಟು ಕಾಲ ತಪ್ಪದೆ ಇದ್ದವಳು ಒಂದು ಲೋಟದ ಮುಂದೆ ತಪ್ಪಿದೆ, ನಿನ್ನ ನಂಬಿಕೆ ಮುರಿದೆ, ಅದರಿಂದ ನನಗೆ ನೋವಾಗಿದೆ ಎಂದಳು.

ಮೊಮ್ಮಗಳು ಯಾವಾಗಲೋ ಈ ಕಡೆ ತಿರುಗಿದ್ದಳು.

"ಈ ಕಥೆ ನಾನು ಕೇಳೇ ಇರ್ಲಿಲ್ಲ" ಎಂದಳು.

"ಹೇಳಿರ್ಲಿಲ್ಲ" ಎಂದಳು ಅಜ್ಜಿ.

ಮಾರನೆಯ ಬೆಳಗ್ಗೆ ಅಜ್ಜಿ ಕಣ್ಣು ಬಿಟ್ಟಾಗ ಅವಳ ಮಂಚದ ಪಕ್ಕದ ಮೇಜಿನ ಮೇಲೆ, ಅವಳು ಕುಡಿಯುವ ನೀರಿನ ಲೋಟಕ್ಕೆ ಅಂಟಿಕೊಂಡ ಹಾಗೆ, ಇನ್ನೊಂದು ಲೋಟವಿತ್ತು. ಹೊಸ ಹತ್ತಿ, ಹೊಸ ಬೀಜ, ‘ನೀರು ಇಲ್ಲ’ ಎಂಬ ಹೊಸ ಚೀಟಿ. ಅಡುಗೆಮನೆಯ ಕಿಟಕಿಯಲ್ಲಿ ಅದರ ಜೋಡಿ.

"ಈ ಸಲಾನೂ ನೀನೇ ಕಾಯ್ಬೇಕು" ಎಂದಳು ಮೊಮ್ಮಗಳು ಜಡೆಗೆ ರಿಬ್ಬನ್ನು ಕಟ್ಟಿಕೊಳ್ಳುತ್ತ.

"ನನ್ನ ಮೇಲೆ ನಂಬಿಕೆ ಇದೆಯಾ ನಿಂಗೆ?"

ಮೊಮ್ಮಗಳು ಲೆಕ್ಕ ಹಾಕಿದಳು. "ಶೇಕಡಾ ಐವತ್ತು."

ಅಜ್ಜಿ ಅದನ್ನು ರೋಗಿಯ ಜ್ವರ ಇಳಿದ ಸುದ್ದಿಯ ಹಾಗೆ ಸಂತೋಷದಿಂದ ಸ್ವೀಕರಿಸಿದಳು. ಡ್ರಾಪರನ್ನು ತಾನೇ ತಂದು ಮೊಮ್ಮಗಳ ಕೈಗೆ ಒಪ್ಪಿಸಿದಳು. ಮಗ, ಸೊಸೆ ಇಬ್ಬರಿಗೂ ಆ ಕೋಣೆಗೆ ಪ್ರವೇಶವಿಲ್ಲ ಎಂದು ಸಾರಿದಳು. ಒಮ್ಮೆ ಮಗ ಬಾಗಿಲಲ್ಲಿ ಇಣುಕಿದ್ದಕ್ಕೆ ವಾರ್ಡಿನ ದನಿಯಲ್ಲಿ ಗದರಿದಳು, ಅವನು ಹಾಗೆಯೇ ಹಿಂದೆ ಸರಿದ. ಹಗಲು ಮನೆ ನಿಶ್ಶಬ್ದವಾದಾಗ ಲೋಟದ ಪಕ್ಕ ಕೂತು, ಹಿಂದೆ ಮಂಚಗಳ ಪಕ್ಕ ಕೂರುತ್ತಿದ್ದ ಹಾಗೆ, ಇನ್ನು ಸ್ವಲ್ಪ ತಡ್ಕೊಳ್ಳಿ ಎಂದು ಬೀಜಗಳಿಗೆ ಸಮಾಧಾನ ಹೇಳುತ್ತಿದ್ದಳು. ತನಗೆ ಬಾಯಾರಿದರೆ ನೀರಿನ ಲೋಟ ಹಿಡಿದು ಬೇರೆ ಕೋಣೆಗೆ ಹೋಗಿ ಕುಡಿಯುತ್ತಿದ್ದಳು.

ಕಿಟಕಿಯ ಲೋಟ ಎಲೆ ಬಿಟ್ಟಿತು. ಅಜ್ಜಿಯ ಮೇಜಿನ ಮೇಲಿನ ಬೀಜಗಳು ಇಟ್ಟ ಹಾಗೆಯೇ ಇದ್ದವು. ಒಂದು ಭಾನುವಾರ ಬೆಳಗ್ಗೆ ಮೊಮ್ಮಗಳು ಅಕ್ಕಸಾಲಿಗರ ಹಾಗೆ ಅವನ್ನು ಮೇಲೆ ಕೆಳಗೆ ಪರೀಕ್ಷಿಸಿ, ಹತ್ತಿಯೊಳಗೆ ಬೆರಳು ತೂರಿಸಿ, ತಳದವರೆಗೂ ಒಣಗಿದೆ ಎಂದು ಖಾತ್ರಿ ಮಾಡಿಕೊಂಡಳು. ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಳು. ಆಮೇಲೆ ಲೋಟದ ಮೇಲಿನ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತಳು. ಲಂಗದ ಜೇಬಿನಿಂದ ಡ್ರಾಪರು ತೆಗೆದು ಅಜ್ಜಿಯ ಮುಂದೆ ಹಿಡಿದಳು.

"ಇನ್ನು ನೀರು ಕೊಡಬಹುದು, ಸಿಸ್ಟರ್" ಎಂದಳು.

ಅಜ್ಜಿ ಡ್ರಾಪರಿಗೆ ನೀರು ತುಂಬಿಕೊಂಡಳು. ಮೊದಲ ಹನಿ ಮೇಜಿನ ಮೇಲೆ ಬಿತ್ತು. ಮೊಮ್ಮಗಳು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಹತ್ತಿರ ತಂದಳು. ಎರಡನೆಯ ಹನಿ ಸರಿಯಾಗಿ ಬೀಜದ ಮೇಲೆ ಬಿತ್ತು.